ಎಂಜಿನ್ ಬಿಚ್ಚುವ ಮೊದಲು ಹವಾ ಬಿಟ್ಟು ನೋಡಿ: ಸಿಲಿಂಡರ್ ಲೀಕ್‌ಡೌನ್ ಪರೀಕ್ಷೆ

ತೊಗರಿ ರಾಶಿ ಮುಗಿಯಿತೆಂದರೆ ಕಲಬುರಗಿ ಸೀಮೆಯ ಗ್ಯಾರೇಜುಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ದೂರು ಹೆಚ್ಚುಕಡಿಮೆ ಒಂದೇ: "ಗಾಡಿ ಎಳಿವಲ್ದು, ಹೊಗಿ ಭಾಳ ಬರ್ಲತ್ತದ." ಉತ್ತರವೂ ಒಂದೇ: "ಬೋರಿಗಿ ಬಂದದ, ಬಿಚ್ಚಬೇಕು." ಅಂದರೆ ಸಿಲಿಂಡರಿನ ಒಳಗೋಡೆ ಸವೆದಿದೆ ಎಂದು. ಬಿಚ್ಚಿದ ಮೇಲೆ ಲೈನರ್ (ಸಿಲಿಂಡರಿನ ಒಳಕೊಳವೆ), ಪಿಸ್ಟನ್, ರಿಂಗು, ಬೇರಿಂಗು ಎಲ್ಲವೂ ಹೊಸದು ಬೀಳುತ್ತವೆ. ದೋಷ ಇದ್ದದ್ದು ಹೊಗೆ ಹೊರಬಿಡುವ ಒಂದೇ ಒಂದು ಎಕ್ಸಾಸ್ಟ್ ವಾಲ್ವಿನಲ್ಲಾಗಿದ್ದರೆ ಅಷ್ಟೂ ದುಡ್ಡು ನೀರಿಗೆ ಹೋದಂತೆ. ಸಿಲಿಂಡರುಗಳ ಮೇಲೆ ಕೂರುವ ಹೆಡ್ ಒಂದನ್ನೇ ಇಳಿಸಿ ವಾಲ್ವ್ ಕೂರಿಸಿದ್ದರೆ ಸಾಕಾಗುತ್ತಿತ್ತು.

ಈ ತೀರ್ಮಾನವನ್ನು ಅಂದಾಜಿಗೆ ಬಿಡಬೇಕಿಲ್ಲ. ಪಿಸ್ಟನ್ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವಾಗ ಸಿಲಿಂಡರಿಗೆ ಅಳತೆಯ ಗಾಳಿ ತುಂಬಿ, ಎಷ್ಟು ಸೋರುತ್ತದೆ, ಯಾವ ದಾರಿಯಿಂದ ಸೋರುತ್ತದೆ ಎಂದು ನೋಡುವುದೇ ಲೀಕ್‌ಡೌನ್ ಪರೀಕ್ಷೆ. ಕಂಪ್ರೆಷನ್ ಗೇಜು "ಈ ಸಿಲಿಂಡರ್ ದುರ್ಬಲ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಗಾಳಿ ತಾನು ಹೊರಬೀಳುವ ಜಾಗವನ್ನೇ ತೋರಿಸುತ್ತದೆ. ಇಡೀ ಪರೀಕ್ಷೆಯಲ್ಲಿ ಅತಿ ಮುಖ್ಯವಾದದ್ದು ಈ ಜಾಗ. ಶೇಕಡಾವಾರು ಅಂಕಿ ಅದರ ನಂತರದ್ದು.

ಒಳಗಿನ ಲೆಕ್ಕ

ಉಪಕರಣ ಸರಳ. ಕಂಪ್ರೆಸರಿನಿಂದ ಬಂದ ಗಾಳಿ ಮೊದಲು ರೆಗ್ಯುಲೇಟರಿಗೆ ಬಂದು ಒಂದು ಗೊತ್ತಾದ ಒತ್ತಡಕ್ಕೆ ಇಳಿಯುತ್ತದೆ. ಆ ಒತ್ತಡವನ್ನು ತೋರಿಸುವುದು ಮೊದಲ ಗೇಜು. ಮುಂದೆ ಒಂದು ಸಣ್ಣ ರಂಧ್ರ, ಅದರಾಚೆ ಎರಡನೇ ಗೇಜು, ಅಲ್ಲಿಂದ ಸಿಲಿಂಡರಿಗೆ ಹೋಗುವ ಪೈಪು. ಸಿಲಿಂಡರ್ ಒಂದಿಷ್ಟೂ ಸೋರದಿದ್ದರೆ ಎರಡೂ ಗೇಜಿನ ಮುಳ್ಳು ಒಂದೇ ಕಡೆ ನಿಲ್ಲುತ್ತವೆ. ಸೋರಿದರೆ ಹೋದಷ್ಟು ಗಾಳಿಯನ್ನು ಆ ರಂಧ್ರ ಪೂರೈಸಲಾರದೆ ಎರಡನೇ ಮುಳ್ಳು ಕೆಳಗಿಳಿಯುತ್ತದೆ.

ಮೊದಲ ಗೇಜನ್ನು 100 ಪೌಂಡಿಗೆ ಇಟ್ಟರೆ ಲೆಕ್ಕ ಬಾಯಲ್ಲೇ ಆಗುತ್ತದೆ: ಎರಡನೆಯದು 88 ತೋರಿಸಿದರೆ ಸೋರಿಕೆ ಶೇ. 12. ಪಂಕ್ಚರ್ ಅಂಗಡಿಯವರು ಪೌಂಡು ಎನ್ನುವುದೂ ಗೇಜಿನ ಮೇಲೆ ಪಿಎಸ್‌ಐ ಎಂದಿರುವುದೂ ಒಂದೇ. 100 ಪೌಂಡು ಎಂದರೆ 6.9 ಬಾರ್. ವಿಮಾನದ ಪಿಸ್ಟನ್ ಎಂಜಿನುಗಳಲ್ಲಿ ಇದೇ ಪರೀಕ್ಷೆಯನ್ನು 80 ಪೌಂಡಿಗೆ ಮಾಡುತ್ತಾರೆ. ನಿಮ್ಮ ರೆಗ್ಯುಲೇಟರ್ 80ಕ್ಕೆ ಮಾತ್ರ ನಿಲ್ಲುತ್ತಿದ್ದರೆ ಇಳಿದದ್ದನ್ನು 80ರಿಂದ ಭಾಗಿಸಿ 100ರಿಂದ ಗುಣಿಸಿದರಾಯಿತು.

ರಂಧ್ರದ ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಸಾಮಾನ್ಯ ಅಳತೆ 0.040 ಇಂಚು, ಅಂದರೆ ಸುಮಾರು 1 ಮಿ.ಮೀ. ವಿಮಾನದ ಎಂಜಿನುಗಳಲ್ಲಿ ಬೋರು (ಸಿಲಿಂಡರಿನ ಒಳವ್ಯಾಸ) 5 ಇಂಚು ದಾಟಿದರೆ 0.060 ಇಂಚಿನ ರಂಧ್ರ ಬಳಸುತ್ತಾರೆ. ರಂಧ್ರ ದೊಡ್ಡದಾದಷ್ಟೂ ಅದೇ ಸೋರಿಕೆ ಕಡಿಮೆಯಾಗಿ ಕಾಣುತ್ತದೆ. ಆದ್ದರಿಂದ ಒಂದು ಗ್ಯಾರೇಜಿನ ಗೇಜು ತೋರಿಸಿದ ಶೇ. 15ನ್ನು ಇನ್ನೊಂದು ಗ್ಯಾರೇಜಿನ ಶೇ. 25ರ ಜೊತೆ ತೂಗುವುದರಲ್ಲಿ ಅರ್ಥವಿಲ್ಲ. ಅದೇ ಗೇಜಿನಲ್ಲಿ ಅದೇ ದಿನ ಆ ಎಂಜಿನಿನ ಎಲ್ಲ ಸಿಲಿಂಡರುಗಳನ್ನು ಅಳೆದು ಒಂದಕ್ಕೊಂದು ಹೋಲಿಸುವುದೇ ಸರಿಯಾದ ದಾರಿ.

ಗೇಜು ನಂಬಿಗಸ್ತವೇ ಎಂದು ತಿಳಿಯಲು ಮೂರು ನಿಮಿಷ ಸಾಕು. ಪೈಪಿನ ತುದಿ ಮುಚ್ಚಿ ಗಾಳಿ ಬಿಡಿ, ಎರಡೂ ಮುಳ್ಳು ಸಮನಾಗಬೇಕು. ತುದಿ ಪೂರ್ತಿ ತೆರೆಯಿರಿ, ಎರಡನೆಯದು ಸೊನ್ನೆಯ ಹತ್ತಿರ ಬೀಳಬೇಕು. ಮೂರನೆಯದನ್ನು ಯಾರೂ ಮಾಡುವುದಿಲ್ಲ, ಆದರೆ ಅದೇ ಉತ್ತಮ. ಒಂದು ಬೋಲ್ಟಿಗೆ 1 ಮಿ.ಮೀ. ರಂಧ್ರ ಕೊರೆಸಿ ಪೈಪಿನ ತುದಿಗೆ ಹಾಕಿ. ಒಳಗಿನ ರಂಧ್ರವೂ 1 ಮಿ.ಮೀ. ಇದ್ದರೆ ಎರಡನೇ ಗೇಜು 100ರಲ್ಲಿ 80ರ ಆಸುಪಾಸಿಗೆ ನಿಲ್ಲಬೇಕು. ಅಂದರೆ ಗೇಜು ಶೇ. 20 ತೋರಿಸಿದಾಗ ಸಿಲಿಂಡರಿನಲ್ಲಿರುವ ಒಟ್ಟು ಸೋರಿಕೆ ಹೆಚ್ಚೂಕಡಿಮೆ ಒಂದು ಮಿಲಿಮೀಟರ್ ತೂತಿಗೆ ಸಮ. ಈ ಬೋಲ್ಟನ್ನು ಗೇಜಿನ ಡಬ್ಬಿಯಲ್ಲೇ ಇಟ್ಟುಕೊಂಡರೆ ರಂಧ್ರದಲ್ಲಿ ಕಸ ಕುಳಿತದ್ದೂ ಗೇಜು ಕೆಟ್ಟದ್ದೂ ಕೂಡಲೇ ಗೊತ್ತಾಗುತ್ತದೆ.

ಕಂಪ್ರೆಸರ್ ಮತ್ತು ಜೋಡಣೆ

ಕಾರಿನ ಡಿಕ್ಕಿಯಲ್ಲಿಡುವ 12 ವೋಲ್ಟಿನ ಪುಟ್ಟ ಪಂಪು ಈ ಕೆಲಸಕ್ಕೆ ಆಗದು. 1 ಮಿ.ಮೀ. ರಂಧ್ರ 100 ಪೌಂಡಿನಲ್ಲಿ ನಿಮಿಷಕ್ಕೆ 60ರಿಂದ 70 ಲೀಟರ್ ಗಾಳಿ ಬಿಡಬಲ್ಲದು. ಸೋರಿಕೆ ಜೋರಾಗಿದ್ದರೆ ಪಂಪು ಹಿಂದೆ ಬಿದ್ದು ಮೊದಲ ಗೇಜೇ ಇಳಿಯುತ್ತದೆ, ಆಗ ಲೆಕ್ಕ ಸುಳ್ಳಾಗುತ್ತದೆ. ಪಂಕ್ಚರ್ ಅಂಗಡಿಯ ಟ್ಯಾಂಕ್ ಕಂಪ್ರೆಸರ್ ಧಾರಾಳವಾಗಿ ಸಾಕು. ಟ್ಯಾಂಕಿನಲ್ಲಿ 120 ಪೌಂಡಿಗಿಂತ ಹೆಚ್ಚು ಇರಲಿ. ಕೆಲಸಕ್ಕೆ ಮೊದಲು ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ನೀರು ಹೊರಬಿಡಿ. ಮಳೆಗಾಲದಲ್ಲಿ ಅರ್ಧ ಲೀಟರ್ ತುಕ್ಕುನೀರು ಬಂದರೂ ಆಶ್ಚರ್ಯವಿಲ್ಲ, ಅದು ಸಿಲಿಂಡರಿಗೆ ಹೋಗಬಾರದು.

ಕಾರುಗಳ ಪೆಟ್ರೋಲ್ ಎಂಜಿನಿನಲ್ಲಿ ಹೆಚ್ಚಾಗಿ 14 ಮಿ.ಮೀ. ಚೂಡಿಯ ಪ್ಲಗ್ಗು, ಸಣ್ಣ ಬೈಕುಗಳಲ್ಲಿ 10 ಮಿ.ಮೀ. ಪ್ಲಗ್ಗು ಸಿಗುತ್ತವೆ. ಕಂಪ್ರೆಷನ್ ಗೇಜಿನ ಪೈಪನ್ನೇ ಬಳಸುವವರು ಅದರ ತುದಿಯಲ್ಲಿ ಟೈರಿನ ಟ್ಯೂಬಿನಲ್ಲಿರುವಂಥ ಪಿನ್ನು ಇರುತ್ತದೆ ಎಂಬುದನ್ನು ಮರೆಯಬಾರದು. ಅದನ್ನು ತೆಗೆಯದಿದ್ದರೆ ಎರಡನೇ ಗೇಜು ಸಿಲಿಂಡರಿನ ನಿಜ ಒತ್ತಡವನ್ನು ತೋರಿಸುವುದಿಲ್ಲ. ಸೋರುವ ಸಿಲಿಂಡರ್ ಕೂಡ ಚೆನ್ನಾಗಿರುವಂತೆ ಕಾಣುತ್ತದೆ.

ಡೀಸೆಲ್ ಎಂಜಿನಿಗೆ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ಇದ್ದರೆ ಆ ತೂತಿನಿಂದಲೇ ಹೋಗುವುದು ಒಳ್ಳೆಯದು. ಹಳೆಯ ಹೀಟರ್ ಪ್ಲಗ್ ಇಂಗಾಲ ಹಿಡಿದು ಕೂತಿರುತ್ತದೆ, ಒತ್ತಾಯ ಮಾಡಿದರೆ ತುಂಡಾಗಿ ಹೆಡ್ಡಿನಲ್ಲೇ ಉಳಿಯುತ್ತದೆ. ಹಿಂದಿನ ಸಂಜೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಎಂಜಿನ್ ಬೆಚ್ಚಗಿರುವಾಗ ಹಿಂದೆ ಮುಂದೆ ತಿರುಗಿಸುತ್ತ ಬಿಚ್ಚಿ. ಹೀಟರ್ ಪ್ಲಗ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಡೀಸೆಲ್ ಚಿಮ್ಮಿಸುವ ನೋಝಲ್ ತೆಗೆದು ಅದೇ ಆಕಾರದ ಡಮ್ಮಿ ಕೂರಿಸಬೇಕು. ಲೇತ್ ಅಂಗಡಿಗೆ ಹಳೆ ನೋಝಲ್ ಕೊಟ್ಟರೆ ಮಾಡಿಕೊಡುತ್ತಾರೆ. ಕೆಳಗೆ ಹೊಸ ತಾಮ್ರದ ವಾಷರ್ ಇರಲೇಬೇಕು. ಕಾಮನ್ ರೇಲ್ (ಎಲ್ಲ ನೋಝಲ್‌ಗಳಿಗೂ ಒಂದೇ ಹೈ ಪ್ರೆಶರ್ ನಳಿಗೆಯಿಂದ ಡೀಸೆಲ್ ಹೋಗುವ) ಗಾಡಿಯಲ್ಲಿ ಎಂಜಿನ್ ಬಂದ್ ಮಾಡಿದ ತಕ್ಷಣ ಹೈ ಪ್ರೆಶರ್ ಪೈಪಿಗೆ ಕೈ ಹಾಕಬೇಡಿ. ಸಾವಿರ ಬಾರ್ ದಾಟುವ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳನುಗ್ಗುತ್ತದೆ.

ಟ್ಯಾಪೆಟ್ ಮೊದಲು

ಗಾಳಿ ಬಿಡುವ ಮೊದಲು ಟ್ಯಾಪೆಟ್ ಕವರ್ ತೆಗೆದು, ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಗ್ಯಾಪ್ ಅಳೆಯಿರಿ. ಇದನ್ನು ಬಿಟ್ಟು ಮುಂದೆ ಹೋಗಬಾರದು. ಗ್ಯಾಪ್ ಇಲ್ಲದೆ ಬಿಗಿಯಾಗಿರುವ ವಾಲ್ವ್ ಕೂದಲೆಳೆಯಷ್ಟು ತೆರೆದೇ ಇರುತ್ತದೆ, ಪರೀಕ್ಷೆಯಲ್ಲಿ ಅದು ಸುಟ್ಟ ವಾಲ್ವಿನಂತೆಯೇ ಸದ್ದು ಮಾಡುತ್ತದೆ. ಗ್ಯಾಸಿನ ಮೇಲೆ ಓಡುವ ಆಟೊಗಳಲ್ಲಿ ವಾಲ್ವ್ ಸೀಟು ಬೇಗ ಸವೆದು ವಾಲ್ವ್ ಮೇಲೇರುವುದರಿಂದ ಗ್ಯಾಪ್ ಕಡಿಮೆಯಾಗುತ್ತ ಹೋಗುತ್ತದೆ. ಸಮಯಕ್ಕೆ ಸರಿಪಡಿಸಿದರೆ ಅರ್ಧ ತಾಸಿನ ಕೆಲಸ, ಬಿಟ್ಟರೆ ವಾಲ್ವ್ ಸುಡುತ್ತದೆ.

ಎಂಜಿನ್ ಬೆಚ್ಚಗಿರಬೇಕು. ತಣ್ಣಗಿರುವಾಗ ಪಿಸ್ಟನ್ ಕುಗ್ಗಿರುತ್ತದೆ, ಗೋಡೆಯ ಎಣ್ಣೆ ಇಳಿದುಹೋಗಿರುತ್ತದೆ, ಸೋರಿಕೆ ಹೆಚ್ಚು ಕಾಣುತ್ತದೆ. ಸ್ಟಾರ್ಟೇ ಆಗದ ಎಂಜಿನನ್ನು ತಣ್ಣಗಿರುವಾಗಲೇ ಅಳೆಯಬೇಕಾಗುತ್ತದೆ, ಆಗ ನಾಲ್ಕೈದು ಅಂಕ ಹೆಚ್ಚು ಬಂದರೆ ಗಾಬರಿ ಬೇಡ. ಆದರೆ ರೇಡಿಯೇಟರ್ ಮುಚ್ಚಳವನ್ನು ಬಿಸಿ ಇರುವಾಗ ತೆರೆಯಬೇಡಿ. ಬೇಸಿಗೆಯಲ್ಲಿ, ನೆರಳಲ್ಲೇ 40 ಡಿಗ್ರಿ ದಾಟುವ ನಮ್ಮ ಕಡೆ, ಅದು ತಣಿಯಲು ಹೆಚ್ಚೇ ಹೊತ್ತು ಬೇಕು. ವಾಲ್ವ್ ಮತ್ತು ರಿಂಗಿನ ಕಡೆ ಮೊದಲು ನೋಡಿ, ರೇಡಿಯೇಟರನ್ನು ಕೊನೆಗೆ ಇಟ್ಟುಕೊಳ್ಳಿ.

ಪಿಸ್ಟನ್ ಮೇಲಿರಬೇಕು, ಅಲ್ಲೇ ನಿಲ್ಲಬೇಕು

ಎಲ್ಲ ಪ್ಲಗ್ಗು ಅಥವಾ ಹೀಟರ್ ಪ್ಲಗ್ ತೆಗೆದು ಎಂಜಿನ್ ಹಗುರಾಗಿ ತಿರುಗುವಂತೆ ಮಾಡಿಕೊಳ್ಳಿ. ಡೀಸೆಲ್ ಆದರೆ ಸ್ಟಾಪ್ ಕೇಬಲ್ ಎಳೆದಿಡಿ. ಬ್ಯಾಟರಿಯ ಒಂದು ತಂತಿ ಕಳಚಿಡಿ. ಪುಲ್ಲಿಯನ್ನು ಪಾನಾದಿಂದ ಎಂಜಿನ್ ಓಡುವ ದಿಕ್ಕಿಗೇ ತಿರುಗಿಸುತ್ತ, ತೂತಿನ ಮೇಲೆ ಹೆಬ್ಬೆರಳಿಡಿ. ಬೆರಳನ್ನು ತಳ್ಳುವ ಗಾಳಿ ಬಂದರೆ ಅದು ಕಂಪ್ರೆಷನ್ ಸ್ಟ್ರೋಕ್. ಆಮೇಲೆ ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಜಾಗ) ಗುರುತಿಗೆ ತನ್ನಿ. ದಾಟಿಹೋದರೆ ಅಷ್ಟಕ್ಕೇ ಹಿಂದಕ್ಕೆಳೆದು ನಿಲ್ಲಿಸಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಅದೇ ದಿಕ್ಕಿನಿಂದ ಬನ್ನಿ. ಟೈಮಿಂಗ್ ಗೇರಿನ ಸಡಿಲ ಒಂದೇ ಕಡೆ ಇರಬೇಕು, ರಿಂಗುಗಳೂ ಪಿಸ್ಟನ್ನಿನ ತಮ್ಮ ಗ್ರೂವಿನಲ್ಲಿ ಒಂದೇ ರೀತಿ ಕೂತಿರಬೇಕು.

ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಫೈರಿಂಗ್ ಕ್ರಮ 1-3-4-2 ಆಗಿದ್ದರೆ, ಒಂದನೆಯದು ಕಂಪ್ರೆಷನ್ ಟಿಡಿಸಿಯಲ್ಲಿರುವಾಗ ನಾಲ್ಕನೆಯದರ ಎರಡೂ ರಾಕರ್‌ಗಳು ಒಂದು ಏಳುತ್ತ ಒಂದು ಇಳಿಯುತ್ತ ಇರುತ್ತವೆ. ಒಂದರ ನಂತರ ಅರ್ಧ ಸುತ್ತು ತಿರುಗಿಸಿದರೆ ಮೂರು, ಮತ್ತೆ ಅರ್ಧಕ್ಕೆ ನಾಲ್ಕು, ಮತ್ತೆ ಅರ್ಧಕ್ಕೆ ಎರಡು. ಮೂರು ಸಿಲಿಂಡರಿನ ಟ್ರ್ಯಾಕ್ಟರಿನಲ್ಲಿ ಈ ಜೋಡಿ ಇರುವುದಿಲ್ಲ. ಅಲ್ಲಿ 240 ಡಿಗ್ರಿಗೊಂದು ಸಿಲಿಂಡರ್. ಪುಲ್ಲಿಯ ಸುತ್ತಳತೆಗೆ ಒಂದು ಕಾಗದದ ಪಟ್ಟಿ ಸುತ್ತಿ ಮೂರು ಸಮಪಾಲು ಮಡಚಿ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ, ಎರಡು ಗುರುತು ದಾಟಿದರೆ ಮುಂದಿನ ಸಿಲಿಂಡರ್. ಎರಡೂ ಟ್ಯಾಪೆಟ್ ಕೈಯಲ್ಲಿ ಅಲುಗಾಡುತ್ತಿವೆಯೇ ಎಂದು ಪ್ರತಿ ಸಲವೂ ಖಾತ್ರಿ ಮಾಡಿಕೊಳ್ಳಿ.

ಇನ್ನು ಗಾಯವಾಗುವ ಜಾಗ. 100 ಮಿ.ಮೀ. ಬೋರಿನ ಪಿಸ್ಟನ್ ಮೇಲೆ 100 ಪೌಂಡ್ ಗಾಳಿ ಕೂತರೆ ಒಟ್ಟು ಭಾರ ಸುಮಾರು 550 ಕೆ.ಜಿ., ಐದೂವರೆ ಕ್ವಿಂಟಲ್ ತೊಗರಿ ಚೀಲ ಹೇರಿದಷ್ಟು. ಸರಿಯಾಗಿ ಟಿಡಿಸಿಯಲ್ಲಿದ್ದರೆ ಈ ಭಾರ ನೇರ ಕ್ರ್ಯಾಂಕಿನ ಮೇಲೆ ಬಿದ್ದು ಸುಮ್ಮನಾಗುತ್ತದೆ. 10 ಡಿಗ್ರಿ ಆಚೀಚೆ ಆದರೆ, 110 ಮಿ.ಮೀ. ಸ್ಟ್ರೋಕಿನ ಎಂಜಿನಿನಲ್ಲಿ, ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ ಆರೇಳು ಕೆ.ಜಿ. ತೂಗಿಬಿಟ್ಟಷ್ಟು ತಿರುಚುವ ಶಕ್ತಿ ಹುಟ್ಟುತ್ತದೆ. ಕ್ರ್ಯಾಂಕು ಒಮ್ಮೆಲೆ ತಿರುಗುತ್ತದೆ. ಪುಲ್ಲಿ ಬೋಲ್ಟಿನ ಮೇಲೆ ಮರೆತು ಬಿಟ್ಟ ಪಾನಾ ರೇಡಿಯೇಟರನ್ನು ಒಡೆಯುತ್ತದೆ, ಇಲ್ಲವೇ ಕೈಯನ್ನು. ಪಾನಾ ತೆಗೆದಿಟ್ಟ ಮೇಲೆಯೇ ಗಾಳಿ ಬಿಡಿ. ಬೆಲ್ಟು, ಫ್ಯಾನಿನ ಹತ್ತಿರ ಕೈ ಬೇಡ.

ಮೇಲಿನ ಗೇರ್ ಹಾಕಿ ಬ್ರೇಕ್ ಹಿಡಿದರೆ ಕ್ರ್ಯಾಂಕು ನಿಲ್ಲುತ್ತದೆ ಎನ್ನುವುದು ಅರ್ಧ ಸತ್ಯ. ಗೇರ್ ಪೆಟ್ಟಿಗೆಯ ಸಡಿಲದಲ್ಲೇ ಅದು ಕೆಲವು ಡಿಗ್ರಿ ಜಾರುತ್ತದೆ. ಫ್ಲೈವೀಲ್ ಹಲ್ಲಿಗೆ ಲಾಕ್ ಹಾಕುವುದು ಉತ್ತಮ. ಲಾಕ್ ಇಲ್ಲದಿದ್ದರೆ ಮೊದಲು 15–20 ಪೌಂಡ್ ಮಾತ್ರ ಬಿಟ್ಟು ಪುಲ್ಲಿ ಅಲುಗುತ್ತದೆಯೇ ನೋಡಿ. ತಿರುಗಿದರೆ ಗಾಳಿ ತೆಗೆದು, ತಿರುಗಿದ ದಿಕ್ಕಿಗೆ ವಿರುದ್ಧ ಸ್ವಲ್ಪ ಸರಿಸಿ ಮತ್ತೆ ನೋಡಿ. ಅಲುಗದ ಜಾಗ ಸಿಕ್ಕ ಮೇಲೆ ನಿಧಾನಕ್ಕೆ 100ಕ್ಕೆ ಏರಿಸಿ.

ಅಂಕಿಯನ್ನು ಓದುವುದು

ಮುಳ್ಳು ನಿಲ್ಲಲು ಹತ್ತು ಹದಿನೈದು ಸೆಕೆಂಡು ಕೊಡಿ, ಮೊದಲ ಗೇಜು 100ರಲ್ಲೇ ಇದೆಯೇ ಎಂದು ನೋಡಿ, ಆಮೇಲೆ ಎರಡನೆಯದನ್ನು ಬರೆದುಕೊಳ್ಳಿ. 1 ಮಿ.ಮೀ. ರಂಧ್ರದ ಗೇಜಿನಲ್ಲಿ ಸಾಮಾನ್ಯ ಗಾತ್ರದ ಎಂಜಿನಿಗೆ ಶೇ. 10ರೊಳಗೆ ಬಂದರೆ ಚೆನ್ನಾಗಿದೆ. 10ರಿಂದ 20 ಎಂದರೆ ಸವೆದಿದೆ, ಆದರೆ ದುಡಿಯುತ್ತದೆ. 20 ದಾಟಿದರೆ ಕಾರಣ ಹುಡುಕಬೇಕು, 30 ದಾಟಿದರೆ ಹೆಚ್ಚಿನ ಸಲ ಬಿಚ್ಚಬೇಕಾಗುತ್ತದೆ. ಬೋರು ದೊಡ್ಡದಾದಷ್ಟೂ ರಿಂಗಿನ ಸುತ್ತಳತೆ ಹೆಚ್ಚು, ಹಾಗಾಗಿ ಲಾರಿ ಎಂಜಿನಿಗೆ ಇದೇ ಗೆರೆಯನ್ನು ಕಣ್ಣುಮುಚ್ಚಿ ಎಳೆಯಬೇಡಿ.

ಉದಾಹರಣೆಗೆ 92, 90, 68, 91 ಬಂದಿದೆ ಎನ್ನಿ. ಮೂರು ಸಿಲಿಂಡರಿನ ಸೋರಿಕೆ ಶೇ. 8ರಿಂದ 10, ಮೂರನೆಯದರದ್ದು 32. ರಿಂಗು ಸವೆತ ಸಾಮಾನ್ಯವಾಗಿ ನಾಲ್ಕಕ್ಕೂ ಹಂಚಿಕೊಂಡು ಬರುತ್ತದೆ. ಒಂದೇ ಸಿಲಿಂಡರ್ ಒಂಟಿಯಾಗಿ ಕುಸಿದಿದ್ದರೆ ಮೊದಲ ಅನುಮಾನ ವಾಲ್ವಿನ ಮೇಲೆ. 90, 64, 62, 91 ಬಂದರೆ ಹೆಡ್ಡಿನ ಕೆಳಗೆ, ಎರಡು ಮತ್ತು ಮೂರರ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. 76, 74, 73, 75 ಬಂದು ಎಲ್ಲದರಲ್ಲೂ ಗಾಳಿ ಕೆಳಗೇ ಹೋಗುತ್ತಿದ್ದರೆ ಆಗ ಮಾತ್ರ "ಬೋರಿಗೆ ಬಂದಿದೆ" ಎನ್ನುವ ಮಾತಿಗೆ ತೂಕ ಬರುತ್ತದೆ.

ಗಾಳಿ ಎಲ್ಲಿಂದ ಬರುತ್ತದೆ

ಅರ್ಧ ಇಂಚಿನ ರಬ್ಬರ್ ಪೈಪು ಒಂದು ಮೀಟರ್ ತಗೊಳ್ಳಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಂಜಿನಿನ ಒಂದೊಂದು ಬಾಯಿಗೆ. ಸುತ್ತಮುತ್ತ ಗ್ರೈಂಡರ್, ಕಂಪ್ರೆಸರ್ ಬಂದ್ ಇರಲಿ. ಟ್ಯಾಂಕಿನಲ್ಲಿರುವ ಗಾಳಿಯೇ ಕೆಲವು ನಿಮಿಷಕ್ಕೆ ಸಾಕು.

ಸೈಲೆನ್ಸರಿನ ಬಾಯಿಯಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವ್. ಟರ್ಬೊ ಇರುವ ಗಾಡಿಯಲ್ಲಿ ಸದ್ದು ಮೆತ್ತಗಾಗುತ್ತದೆ, ಮ್ಯಾನಿಫೋಲ್ಡ್ ಹತ್ತಿರದ ಸೆನ್ಸರ್ ತೂತಿದ್ದರೆ ಅಲ್ಲಿ ಆಲಿಸಿ. ಸುಟ್ಟಿದೆ ಎಂದು ಘೋಷಿಸುವ ಮೊದಲು ಇನ್ನೊಂದು ನೋಡಿ. ಇಂಗಾಲದ ಒಂದು ಚೂರು ಸೀಟಿನ ಮೇಲೆ ಸಿಕ್ಕಿಕೊಂಡರೂ ಇದೇ ಸದ್ದು. ಒತ್ತಡವನ್ನು 30 ಪೌಂಡಿಗೆ ಇಳಿಸಿ, ಕನ್ನಡಕ ಹಾಕಿಕೊಂಡು, ರಾಕರಿನ ವಾಲ್ವ್ ಕಡೆಯ ತುದಿಗೆ ಕಟ್ಟಿಗೆ ಇಟ್ಟು ಎರಡು ಮೂರು ಸಲ ಹಗುರಾಗಿ ತಟ್ಟಿ. ವಾಲ್ವ್ ಕ್ಷಣ ತೆರೆದು ಗಾಳಿ ಬುಸ್ಸೆಂದು ನುಗ್ಗಿ ಚೂರನ್ನು ಹೊತ್ತೊಯ್ಯುತ್ತದೆ. ಮತ್ತೆ 100ಕ್ಕೆ ಏರಿಸಿ ಅಳೆಯಿರಿ. ಸೋರಿಕೆ 30ರಿಂದ 12ಕ್ಕೆ ಬಂದರೆ ಹೆಡ್ ಬಿಚ್ಚುವುದು ಉಳಿಯಿತು. ಕದಲದಿದ್ದರೆ ವಾಲ್ವ್ ಸುಟ್ಟಿದೆ ಅಥವಾ ಬಾಗಿದೆ.

ಏರ್ ಫಿಲ್ಟರಿನ ಪೈಪು ಕಳಚಿ ಅಲ್ಲಿ ಸದ್ದು ಕೇಳಿದರೆ ಇನ್ಲೆಟ್ ವಾಲ್ವ್. ಇಲ್ಲಿ ಎರಡು ಮೋಸಗಳಿವೆ. ಎಂಜಿನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪು ಏರ್ ಫಿಲ್ಟರಿಗೆ ಸೇರಿಕೊಂಡಿದ್ದರೆ ರಿಂಗು ದಾಟಿದ ಗಾಳಿಯೂ ಅಲ್ಲೇ ಬಂದು ಇನ್ಲೆಟ್ ಸದ್ದಿನಂತೆ ಕೇಳುತ್ತದೆ. ಪರೀಕ್ಷೆಗೆ ಮೊದಲು ಆ ಪೈಪು ಬಿಚ್ಚಿಡಿ. ಹೊಗೆಯ ಒಂದು ಪಾಲನ್ನು ಮತ್ತೆ ಇನ್ಲೆಟ್ಟಿಗೆ ತಿರುಗಿಸುವ ಇಜಿಆರ್ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಎಕ್ಸಾಸ್ಟ್ ಗಾಳಿಯೂ ಇನ್ಲೆಟ್ ಕಡೆಗೆ ದಾಟುತ್ತದೆ.

ಎಣ್ಣೆ ಹಾಕುವ ಬಾಯಿ, ಡಿಪ್‌ಸ್ಟಿಕ್ ನಳಿಗೆ, ಬ್ರೀದರ್: ಇಲ್ಲಿ ಬರುವ ಗಾಳಿ ರಿಂಗು ದಾಟಿದ್ದು. ಯಾವ ಎಂಜಿನಿನಲ್ಲೂ ಸ್ವಲ್ಪ ಬಂದೇ ಬರುತ್ತದೆ, ರಿಂಗಿಗೆ ಬಾಯಿ ಇರುವಾಗ ಪೂರ್ತಿ ತಡೆಯಲಾಗದು. ಎಷ್ಟು ಎಂದು ಕಣ್ಣಿಗೆ ಕಾಣಬೇಕಾದರೆ ಡಿಪ್‌ಸ್ಟಿಕ್ ಮತ್ತು ಬ್ರೀದರ್ ಮುಚ್ಚಿ, ಎಣ್ಣೆ ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಚೀಲ ರಬ್ಬರ್ ಹಾಕಿ ಬಿಗಿಯಿರಿ. ಸುಕ್ಕಾಗಿ ಜೋತುಬಿದ್ದ ಚೀಲ ಮೆಲ್ಲಗೆ ಎದ್ದು, ಮಡಿಕೆ ಒಂದೊಂದಾಗಿ ಬಿಚ್ಚಿ, ಕೊನೆಗೆ ಬಿಗಿಯಾಗಿ ನಿಲ್ಲುತ್ತದೆ. ಪ್ರತಿ ಸಿಲಿಂಡರಿಗೂ ಅದಕ್ಕೆ ಎಷ್ಟು ಸೆಕೆಂಡು ಬೇಕಾಯಿತು ಎಂದು ಎಣಿಸಿ. ಮೂರು ಸಿಲಿಂಡರಿಗೆ 20 ಸೆಕೆಂಡು ಹಿಡಿದು ಒಂದಕ್ಕೆ 6 ಸೆಕೆಂಡಿಗೇ ತುಂಬಿದರೆ ಆ ಒಂದರಲ್ಲಿ ರಿಂಗು ಮುರಿದಿದೆ, ಅಂಟಿದೆ ಅಥವಾ ಪಿಸ್ಟನ್ ಬಿರುಕು ಬಿಟ್ಟಿದೆ. ಚೀಲ ಬಿಗಿದ ಕೂಡಲೇ ತೆಗೆಯಿರಿ, ಎಣ್ಣೆ ಸೀಲುಗಳ ಮೇಲೆ ಒತ್ತಡ ಬೀಳಬಾರದು. ಊದಿನಕಡ್ಡಿ ಹಿಡಿದು ಹೊಗೆ ನೋಡುವವರಿದ್ದಾರೆ, ಎಣ್ಣೆ ಆವಿ ಇರುವ ಜಾಗದಲ್ಲಿ ಬೆಂಕಿ ಬೇಡವೇ ಬೇಡ.

ರಿಂಗೇ ಎಂದು ಖಚಿತಪಡಿಸಿಕೊಳ್ಳಲು 5 ಮಿ.ಲೀ. ಎಂಜಿನ್ ಆಯಿಲ್ ಸಿಲಿಂಡರಿಗೆ ಬಿಟ್ಟು ಒಂದೆರಡು ಸುತ್ತು ತಿರುಗಿಸಿ ಮತ್ತೆ ಅಳೆಯುವ ಪದ್ಧತಿ ಇದೆ. ಸೋರಿಕೆ ತಟ್ಟನೆ ಇಳಿದರೆ ರಿಂಗು, ಇಳಿಯದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಡೀಸೆಲಿನಲ್ಲಿ ಇದರ ಮೇಲೆ ಹೆಚ್ಚು ಭರವಸೆ ಇಡಬೇಡಿ. ಪಿಸ್ಟನ್ ತಲೆಯ ಬಟ್ಟಲಿನಲ್ಲೇ ಎಣ್ಣೆ ನಿಂತುಬಿಡುತ್ತದೆ, ರಿಂಗಿನವರೆಗೆ ಹೋಗುವುದೇ ಇಲ್ಲ. ಜಾಸ್ತಿ ಹಾಕಿದರೆ ಇನ್ನೊಂದು ಅಪಾಯ: 900 ಸಿಸಿಯ ಸಿಲಿಂಡರಿನಲ್ಲಿ ಕಂಪ್ರೆಷನ್ ಅನುಪಾತ 18 ಇದ್ದರೆ ಟಿಡಿಸಿಯಲ್ಲಿ ಉಳಿಯುವ ಜಾಗ ಬರೀ 53 ಮಿ.ಲೀ. ಅದರೊಳಗೆ 40–50 ಮಿ.ಲೀ. ಎಣ್ಣೆ ಸುರಿದು ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ರೇಡಿಯೇಟರ್ ತಣಿದ ಮೇಲೆ ಕುತ್ತಿಗೆಯವರೆಗೆ ನೀರು ತುಂಬಿ, ಗಾಳಿ ಬಿಟ್ಟು ಕನಿಷ್ಠ ಎರಡು ನಿಮಿಷ ನೋಡುತ್ತಿರಿ. ಥರ್ಮೋಸ್ಟಾಟ್ ಮುಚ್ಚಿರುವುದರಿಂದ ಗುಳ್ಳೆ ಬರಲು ತಡವಾಗುತ್ತದೆ. ಬಂದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲವೇ ಸುಣ್ಣದಕಲ್ಲು. ಅಲ್ಲಿನ ಬೋರ್‌ವೆಲ್ ಗಡಸು ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದರೆ ಹೆಡ್ಡಿನ ಒಳದಾರಿಗಳಲ್ಲಿ ಸುಣ್ಣದ ಬಿಳಿ ಪಾಚಿ ಗಟ್ಟಿಯಾಗಿ ಕಟ್ಟುತ್ತದೆ. ಶಾಖ ನೀರಿಗೆ ಇಳಿಯದೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಗ್ಯಾಸ್ಕೆಟ್ ಮಾತ್ರ ಬದಲಿಸಿ, ಹೆಡ್ ಫೇಸಿಂಗ್ (ತಳ ಉಜ್ಜಿ ಸಪಾಟು) ಮಾಡಿಸದೆ, ಪಾಚಿ ತೊಳೆಯದೆ ಕೂರಿಸಿದರೆ ಮುಂದಿನ ಬೇಸಿಗೆಗೆ ಅದೇ ಗಾಡಿ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ.

ಪಕ್ಕದ ಸಿಲಿಂಡರಿನ ತೂತಿನಿಂದ ಗಾಳಿ ಬಂದರೆ ನಡುವಿನ ಗ್ಯಾಸ್ಕೆಟ್ ಎನ್ನುತ್ತಾರೆ. ಆದರೆ ಸೋರುವ ಇನ್ಲೆಟ್ ವಾಲ್ವಿನ ಗಾಳಿ ಮ್ಯಾನಿಫೋಲ್ಡಿನಿಂದ, ಆ ಹೊತ್ತಿಗೆ ಇನ್ಲೆಟ್ ತೆರೆದಿರುವ ಬೇರೆ ಸಿಲಿಂಡರಿಗೆ ಹೋಗಿ ಅದರ ತೂತಿನಿಂದಲೂ ಬರಬಹುದು. ಏರ್ ಫಿಲ್ಟರ್ ಬಾಯಲ್ಲೂ ಸದ್ದಿದ್ದರೆ ವಾಲ್ವ್, ಅಲ್ಲಿ ಮೌನವಾಗಿದ್ದು ಪಕ್ಕದಲ್ಲಿ ಮಾತ್ರ ಇದ್ದರೆ ಗ್ಯಾಸ್ಕೆಟ್. ಹೆಡ್ಡಿನ ಜೋಡು, ನೋಝಲ್ ಬುಡಕ್ಕೆ ಸೋಪಿನ ನೀರು ಬಿಡುವುದನ್ನೂ ಮರೆಯಬೇಡಿ. ನೋಝಲ್ ಕೆಳಗಿನ ತಾಮ್ರದ ವಾಷರ್ ಸೋರಿದರೆ ಸುತ್ತ ಕರ್ರಗಿನ ಟಾರಿನಂಥ ಇಂಗಾಲ ಕಟ್ಟಿರುತ್ತದೆ. ಡಮ್ಮಿ ಹಾಕಿ ಪರೀಕ್ಷಿಸಿದ ಸಿಲಿಂಡರಿನಲ್ಲಿ ಈ ದೋಷ ಕಾಣುವುದಿಲ್ಲ, ನೋಝಲ್ ತೆಗೆಯುವಾಗಲೇ ನೋಡಿಕೊಳ್ಳಬೇಕು.

ಅಂಕಿ ಚೆನ್ನಾಗಿದ್ದೂ ಎಂಜಿನ್ ಕೆಟ್ಟಿರುವ ಸಂದರ್ಭ

ಕಂಪ್ರೆಷನ್ ಕಡಿಮೆ, ಲೀಕ್‌ಡೌನ್ ಸರಿಯಾಗಿದೆ. ಇದು ಬಹಳ ಹೇಳುವ ಜೋಡಿ. ಗಾಳಿ ಸೋರುತ್ತಿಲ್ಲ, ಒಳಗೆ ಬರುತ್ತಿಲ್ಲ ಅಥವಾ ಪೂರ್ತಿ ಒತ್ತಲ್ಪಡುತ್ತಿಲ್ಲ ಎಂದರ್ಥ. ಎಲ್ಲ ಸಿಲಿಂಡರಿನಲ್ಲೂ ಹಾಗಿದ್ದರೆ ಟೈಮಿಂಗ್ ಹಲ್ಲು ಹಾರಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಸೆಲ್ಫ್ ಮೋಟಾರು ನಿಧಾನ ತಿರುಗುತ್ತಿರಬಹುದು. ಒಂದರಲ್ಲೇ ಇದ್ದರೆ ಕ್ಯಾಮಿನ ಉಬ್ಬು ಸವೆದಿರಬಹುದು. ಇನ್ನೊಂದು ಕಾರಣವನ್ನು ಹಳ್ಳ, ನಾಲೆ ದಾಟುವಾಗ ನೀರು ಕುಡಿದ ಗಾಡಿಗಳಲ್ಲಿ ನೋಡಲೇಬೇಕು: ರಾಡ್ ಬಾಗಿ ಪಿಸ್ಟನ್ ಒಂದೆರಡು ಮಿಲಿಮೀಟರ್ ಕೆಳಗೇ ನಿಂತಿರುತ್ತದೆ. ಹೀಟರ್ ಪ್ಲಗ್ ತೂತಿನಿಂದ ಪಿಸ್ಟನ್ ಎತ್ತರವನ್ನು ಡಯಲ್ ಗೇಜಿನಲ್ಲಿ ಹೋಲಿಸಿದರೆ ಸಿಕ್ಕಿಬೀಳುತ್ತದೆ.

ನೀಲಿ ಹೊಗೆ, ಎಣ್ಣೆ ಖರ್ಚು, ಆದರೆ ಸೋರಿಕೆ ಶೇ. 8. ಮೇಲಿನ ಎರಡು ರಿಂಗುಗಳೇ ಗಾಳಿ ತಡೆಯುವುದು, ಎಣ್ಣೆ ರಿಂಗಿನ ಸ್ಥಿತಿಯನ್ನು ಈ ಪರೀಕ್ಷೆ ಹೇಳುವುದಿಲ್ಲ. ವಾಲ್ವ್ ಸೀಲು, ಟರ್ಬೊ ಸೀಲುಗಳನ್ನು ಮೊದಲು ನೋಡಿ. ಅವು ಸರಿ ಇದ್ದರೆ ಎಣ್ಣೆ ರಿಂಗು.

ಎಣ್ಣೆಯಲ್ಲಿ ನೀರು, ಆದರೂ ಅಂಕಿ ಚೆನ್ನಾಗಿದೆ. ವೆಟ್ ಲೈನರ್ (ಹೊರಮೈಗೆ ನೇರ ನೀರು ತಾಗುವ ಲೈನರ್) ಇರುವ ಡೀಸೆಲ್ ಎಂಜಿನಿನಲ್ಲಿ ಕೂಲಂಟ್ ಹಾಕದೆ ಬರೀ ನೀರಿನಲ್ಲಿ ಓಡಿಸಿದರೆ ಲೈನರಿನ ಹೊರಮೈ ಸೂಜಿಮೊನೆಯಂತೆ ಕೊರೆದು ತೂತು ಬೀಳುತ್ತದೆ. ಪಿಸ್ಟನ್ ಟಿಡಿಸಿಯಲ್ಲಿರುವಾಗ ಆ ತೂತು ರಿಂಗಿನ ಕೆಳಗಿರುತ್ತದೆ, ಗಾಳಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಲೈನರ್ ಬುಡದ ರಬ್ಬರ್ ರಿಂಗು ಸೋರಿದರೂ ಹೀಗೆಯೇ. ಆಯಿಲ್ ಪ್ಯಾನ್ ಇಳಿಸಿ, ರೇಡಿಯೇಟರ್ ಕುತ್ತಿಗೆಗೆ ಪಂಪು ಹಚ್ಚಿ ಮುಚ್ಚಳದ ಒತ್ತಡದಷ್ಟು ಏರಿಸಿ, ಕೆಳಗಿನಿಂದ ಯಾವ ಲೈನರಿನಲ್ಲಿ ಹನಿ ಮೂಡುತ್ತದೆ ಎಂದು ದೀಪ ಹಿಡಿದು ನೋಡಬೇಕು.

ಗ್ಯಾಸ್ಕೆಟಿನ ಸಣ್ಣ ಸೋರಿಕೆಯೂ ತಪ್ಪಿಸಿಕೊಳ್ಳಬಹುದು. ಪರೀಕ್ಷೆಯ ಗಾಳಿ 7 ಬಾರ್, ಲೋಡಿನಲ್ಲಿ ಡೀಸೆಲ್ ಉರಿಯುವಾಗಿನ ಒತ್ತಡ 100 ಬಾರ್ ದಾಟುತ್ತದೆ. ಕಬ್ಬಿನ ಟ್ರಾಲಿ ಎಳೆಯುವಾಗ ಮಾತ್ರ ನೀರು ಉಕ್ಕಿಸುವ ಟ್ರ್ಯಾಕ್ಟರಿಗೆ ಲೀಕ್‌ಡೌನ್ "ಸರಿ ಇದೆ" ಎಂದರೂ ನಂಬಿ ಕಳಿಸಬೇಡಿ. ರೇಡಿಯೇಟರಿನ ಆವಿಯಲ್ಲಿ ಉರಿದ ಅನಿಲವನ್ನು ಬಣ್ಣ ಬದಲಿಸಿ ತೋರಿಸುವ ದ್ರವದ ಪರೀಕ್ಷೆಯನ್ನು ಲೋಡಿನ ನಂತರ ಮಾಡಿ.

ತಿಂಗಳುಗಟ್ಟಲೆ ನಿಂತ ಎಂಜಿನ್ ಇದಕ್ಕೆ ತದ್ವಿರುದ್ಧ. ತುಕ್ಕು, ಅಂಟಿದ ರಿಂಗಿನಿಂದ ಶೇ. 40 ತೋರಿಸಿ ಹೆದರಿಸುತ್ತದೆ. ರಿಂಗಿನ ಕಡೆ ಮಾತ್ರ ಸೋರುತ್ತಿದ್ದು ಸ್ಟಾರ್ಟ್ ಆಗುವಂತಿದ್ದರೆ, ಎಣ್ಣೆ ಬದಲಿಸಿ ಐದಾರು ತಾಸು ಹದವಾದ ಲೋಡಿನಲ್ಲಿ ದುಡಿಸಿ ಮತ್ತೆ ಅಳೆಯಿರಿ. ಎಷ್ಟೋ ಸಲ ಅರ್ಧಕ್ಕೆ ಇಳಿಯುತ್ತದೆ.

ಬಿಚ್ಚುವುದೇ ಆದರೆ

ಎಲ್ಲ ಸಿಲಿಂಡರಿನಲ್ಲೂ ರಿಂಗು ಸೋರುತ್ತಿದೆ, ಎಂಜಿನ್ ಇನ್ನೂ ಹಳೆಯದಲ್ಲ ಎಂದಾದರೆ ಲೈನರಿಗೆ ಕೈ ಹಾಕುವ ಮೊದಲು ಏರ್ ಫಿಲ್ಟರಿನಿಂದ ಮ್ಯಾನಿಫೋಲ್ಡಿನವರೆಗಿನ ರಬ್ಬರ್ ಪೈಪಿನ ಒಳಗೆ ಬೆರಳಾಡಿಸಿ. ಬೆರಳ ತುದಿಗೆ ಹಿಟ್ಟಿನಂಥ ಧೂಳು ಹತ್ತಿದರೆ ಫಿಲ್ಟರ್ ದಾಟಿ ಮಣ್ಣು ಒಳಗೆ ಹೋಗುತ್ತಿದೆ. ರಾಶಿ ಯಂತ್ರದ ಹೊಟ್ಟು, ಎರೆಮಣ್ಣಿನ ಧೂಳು, ಬೀದರ್ ಕಡೆಯ ಕೆಂಪು ಧೂಳು, ಫರ್ಸಿ ಕಲ್ಲಿನ ಗಣಿಯ ಪುಡಿ ಯಾವುದಾದರೂ ಸರಿ, ರಿಂಗಿಗೆ ಮರಳುಕಾಗದ ಉಜ್ಜಿದಂತೆಯೇ. ಬಿರುಕು ಬಿಟ್ಟ ಪೈಪು, ಸಡಿಲ ಕ್ಲಿಪ್ಪು, ಎಣ್ಣೆ ತುಂಬಿದ ಫಿಲ್ಟರ್ ಬಟ್ಟಲಿನಲ್ಲಿ ಗುರುತಿಗಿಂತ ಕೆಳಗಿಳಿದ ಎಣ್ಣೆ, ಇವನ್ನು ಸರಿಪಡಿಸದೆ ಹೊಸ ಲೈನರ್ ಹಾಕಿದರೆ ಅದೂ ಒಂದೆರಡು ಹಂಗಾಮಿನಲ್ಲಿ ಅದೇ ಗತಿ ಕಾಣುತ್ತದೆ.

ಹೊಸ ರಿಂಗು ಹಾಕಿದ ಎಂಜಿನನ್ನು ಅದೇ ದಿನ ಅಳೆದು ನಿರಾಶರಾಗಬೇಡಿ. ರಿಂಗು ಇನ್ನೂ ಗೋಡೆಗೆ ಹೊಂದಿಕೊಂಡಿರುವುದಿಲ್ಲ, ಶೇ. 15 ಬಂದರೂ ಅಚ್ಚರಿಯಿಲ್ಲ. 30–40 ತಾಸು ದುಡಿದು ಮೊದಲ ಎಣ್ಣೆ ಬದಲಾಯಿಸುವಾಗ ಟ್ಯಾಪೆಟ್ ಮತ್ತೆ ಹೊಂದಿಸಿ ಅಳೆಯಿರಿ. ಬಂದ ಅಂಕಿ, ತಾರೀಖು, ಗಂಟೆ ಮೀಟರಿನ ಓದು, ಗೇಜಿನ ರಂಧ್ರದ ಅಳತೆ ಇಷ್ಟನ್ನೂ ಬಣ್ಣದಲ್ಲಿ ಟ್ಯಾಪೆಟ್ ಕವರಿನ ಒಳಬದಿಗೆ ಬರೆದಿಡಿ. ಮುಂದಿನ ಸಲ ಕವರ್ ತೆಗೆದವರಿಗೆ ಆ ಎಂಜಿನಿನದೇ ಹಳೆಯ ಅಳತೆ ಕಣ್ಣೆದುರಿಗಿರುತ್ತದೆ.